ಅದೇ ಖಾರ, ಬೇರೆ ಪಾತ್ರೆ

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ಮಂಡ್ಯ ಸೀಮೆಯಲ್ಲಿ ಮನೆಮನೆಗೂ ಬಾಡೂಟ. ನಾನು ಮಾಂಸ ಬಿಟ್ಟದ್ದು 1997ರಲ್ಲಿ. ನನ್ನ ಕೈಯಿಂದ ಸೊಪ್ಪು ತಿಂದು ಬೆಳೆದ ಮರಿಯೊಂದನ್ನು ಕಡಿದ ದಿನ ಗಂಟಲಲ್ಲಿ ತುತ್ತು ಇಳಿಯಲಿಲ್ಲ, ಕಾರಣ ಅಷ್ಟೇ. ಮುಂದಿನ ಹೊಸತೊಡಕು ಬಂದಾಗ ಅಳುಕಿತ್ತು. ಅಜ್ಜಿ ರುಬ್ಬಿದ ಖಾರವನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಎಳೆ ಹಲಸಿನಕಾಯಿ ಹೋಳು ಹಾಕಿದರು. ‘ಬಾಡು ತಾನೆ ನೀನು ಬ್ಯಾಡ ಅಂದಿದ್ದು? ಖಾರ ಏನ್ ಮಾಡಿತ್ತು ಮಗ ನಿಂಗೆ?’ ಅಂದರು.

ಕಾಲು ಶತಮಾನ ದಾಟಿದ ನನ್ನ ಸಸ್ಯಾಹಾರ ನಿಂತಿರುವುದು ಆ ಮಾತಿನ ಮೇಲೆ. ‘ಬೇಡ’ ಎಂಬುದೊಂದನ್ನೇ ಉಂಡು ಯಾರೂ ಬಹಳ ಕಾಲ ಬಾಳಲಾರರು. ಪಕ್ಕದಲ್ಲಿ ಒಂದು ‘ಬೇಕು’ ಕುದಿಯುತ್ತಿರಬೇಕು.

1888ರಲ್ಲಿ ಲಂಡನ್ನಿಗೆ ಹೋದ ಗಾಂಧಿ, ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಮುಟ್ಟದೆ ಅರೆಹೊಟ್ಟೆಯಲ್ಲಿ ದಿನ ತಳ್ಳಿದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲೊಂದು ಸಿಕ್ಕಿತು. ಸಸ್ಯಾಹಾರದ ಪರವಾಗಿ ಹೆನ್ರಿ ಸಾಲ್ಟ್ ಬರೆದ ಪುಸ್ತಕವನ್ನು ಅಲ್ಲಿ ಕೊಂಡು ಓದಿದ ಮೇಲೆ, ತಾಯಿಯ ಮಾತು ಅವರ ಸ್ವಂತ ಆಯ್ಕೆಯಾಯಿತು. ಇಂಗ್ಲೆಂಡ್ ಸೇರಿದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡದ್ದೂ ಅಲ್ಲೇ. 1931ರಲ್ಲಿ ಅದೇ ಲಂಡನ್ನಿನ ಸಸ್ಯಾಹಾರಿಗಳ ಮುಂದೆ, ಆರೋಗ್ಯವನ್ನಷ್ಟೇ ನೆಚ್ಚಿ ಬಂದವರು ಹಿಂದಿರುಗುತ್ತಾರೆ, ಸಸ್ಯಾಹಾರಕ್ಕೆ ನೈತಿಕ ನೆಲೆ ಬೇಕು ಎಂದರು. ಒಪ್ಪುತ್ತೇನೆ. ಆದರೆ ನಂಬಿಕೆಯೂ ತುಂಬಿದ ಹೊಟ್ಟೆಯೂ ಅವರಿಗೆ ಒಂದೇ ಸೂರಿನಡಿ ಸಿಕ್ಕವೆಂಬುದನ್ನು ಮರೆಯಲಾರೆ.

ಬಾಡು ತಿನ್ನುವ ನಮ್ಮ ಮನೆಗಳಲ್ಲೂ ವಾರದ ಬಹುಪಾಲು ದಿನ ಸೊಪ್ಪು ಕಾಳಿನದೇ ಊಟ. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದರೆ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಒಂದು ಹನಿಯೂ ಪೋಲಿಲ್ಲ. ಮಾಗಿಯಲ್ಲಿ ಸೊಗಡಿನ ಅವರೆ ಹಿತಕಿ ಸಾರು ಮಾಡಿದರೆ ಮುದ್ದೆ ತಾನಾಗಿ ಇಳಿಯುತ್ತದೆ. ಮೊಳಕೆ ಕಟ್ಟಿದ ಹುರುಳಿ ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ. ಇವನ್ನು ಕಲಿಯಲು ನಾನು ಬೇರೆಯವರ ಅಡುಗೆಮನೆಗೆ ಹೋಗಬೇಕಾಗಲಿಲ್ಲ.

ಮೈಯ ಲೆಕ್ಕವನ್ನೂ ಇಡಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆರಸ ನೆರವಾಗುತ್ತದೆ, ಉಂಡ ಬೆನ್ನಿಗೇ ಕುಡಿದ ಕಾಫಿ ಅಡ್ಡ ಬರುತ್ತದೆ. ಬಿ12 ಜೀವಸತ್ವವನ್ನು ಮಾತ್ರ ಸೊಪ್ಪು ಕಾಳು ಕೊಡಲಾರವು. ಹಾಲು ಮೊಸರು ಬಳಸುವ ನಾನೂ ರಕ್ತಪರೀಕ್ಷೆ ಮಾಡಿಸುತ್ತಿರುತ್ತೇನೆ. ಅವನ್ನೂ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು.

ಇನ್ನೊಂದು ಮಾತು. ನಮ್ಮಲ್ಲಿ ತಟ್ಟೆ ನೋಡಿ ಜಾತಿ ಅಳೆಯುತ್ತಾರೆ, ಬಾಡಿಗೆ ಮನೆ ಇಲ್ಲವೆನ್ನುತ್ತಾರೆ. ನನ್ನ ಊಟ ಅಂಥ ಅಳತೆಗೋಲಾದರೆ ನನಗೆ ನೋವು. ಹೊಸತೊಡಕಿನ ದಿನ ಇಂದಿಗೂ ಅಣ್ಣನ ಪಕ್ಕದಲ್ಲೇ ಕೂತು ಉಣ್ಣುತ್ತೇನೆ. ಅವನ ಎಲೆ ಅವನದು, ನನ್ನದು ನನ್ನದು. ಖಾರ ಇಬ್ಬರಿಗೂ ಒಂದೇ.

ಮಾಂಸ ಬಿಡಬೇಕು ಎಂದು ಯಾರಾದರೂ ಸಲಹೆ ಕೇಳಿದರೆ ಮೊದಲು ಆ ಖಾರವನ್ನೇ ಹೇಳಿಕೊಡುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ. ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಗಸಗಸೆ ಹುರಿದು, ಒಣಮೆಣಸಿನಕಾಯಿ, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಹಲಸಿನ ಅಂಟು ಹಿಡಿಯದಂತೆ ಕೈಗೂ ಕತ್ತಿಗೂ ಎಣ್ಣೆ ಸವರಿ ಹೆಚ್ಚಿ, ಅರಿಶಿನ ಉಪ್ಪು ಹಾಕಿ ಬೇಯಿಸಿ. ಖಾರ ಎಣ್ಣೆ ಬಿಡುವವರೆಗೂ ಹುರಿದು ಹೋಳು ಸೇರಿಸಿ ಕುದಿಸಿ. ಒಲೆಯಿಂದ ಇಳಿಸಿದ ಮೇಲೆ ಒಂದು ಗಂಟೆ ಮುಚ್ಚಿಡಿ, ಹೋಳು ಖಾರ ಕುಡಿಯಲಿ. ಆಮೇಲೆ ಮುದ್ದೆ ಕಟ್ಟಿ.