ಬೆಳದಿಂಗಳಿಗೆ ಹೆದರಿದ ಊರು

ಎಲಿಜಬೆತ್ ಬೊವೆನ್ ಅವರ ‘ಮಿಸ್ಟೀರಿಯಸ್ ಕೋರ್’ (1944) ಕಥೆ ತೆರೆದುಕೊಳ್ಳುವುದೇ ಲಂಡನ್ನಿನ ಮೇಲೆ ಸುರಿಯುವ ಹುಣ್ಣಿಮೆ ಬೆಳಕಿನಲ್ಲಿ. ರಜೆಯ ಮೇಲೆ ಬಂದ ಸೈನಿಕ, ಅವನ ಗೆಳತಿ, ಬಿಕೋ ಎನ್ನುವ ಬೀದಿ. ಬೆಳದಿಂಗಳೆಂದರೆ ಪ್ರಣಯ ಎಂದೇ ಓದಿಕೊಂಡು ಬೆಳೆದ ನಮಗೆ ಇದು ಶೃಂಗಾರದ ಪೀಠಿಕೆಯಾಗಿ ಕಾಣುವುದು ಸಹಜ. ಆದರೆ ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರ್ 1ರಿಂದ ಬ್ಲ್ಯಾಕೌಟ್ ಜಾರಿಯಲ್ಲಿತ್ತು. ಬೀದಿದೀಪ ಇಲ್ಲ, ಕಿಟಕಿಗಳಿಗೆ ಕಪ್ಪು ಪರದೆ, ಬೆಳಕಿನ ಒಂದು ಗೆರೆ ಹೊರಗೆ ಕಂಡರೂ ವಾರ್ಡನ್ ಬಂದು ಬಾಗಿಲು ಬಡಿಯುತ್ತಾರೆ. (ಬೊವೆನ್ ಸ್ವತಃ ಅಂಥ ವಾರ್ಡನ್ ಆಗಿದ್ದರು.) ಜನ ಇಷ್ಟು ಪಾಡುಪಟ್ಟು ಬಚ್ಚಿಟ್ಟ ಊರನ್ನು ಚಂದ್ರ ಬಾಂಬರ್ ವಿಮಾನಗಳಿಗೆ ತೋರಿಸಿಕೊಡುತ್ತಿದ್ದ. ಕಥೆ ನಡೆಯುವ ಹೊತ್ತಿಗೆ ಹುಣ್ಣಿಮೆಯ ದಾಳಿಗಳು ನಿಂತಿದ್ದರೂ ಆ ಬೆಳಕಿನ ಅಳುಕು ಹೋಗಿಲ್ಲ. ಇಷ್ಟು ತಿಳಿದು ಮೊದಲ ಪುಟಕ್ಕೆ ಮರಳಿ. ಅದು ಬೇರೆಯೇ ಪುಟ.

ಇದನ್ನೆಲ್ಲ ಲೇಖಕಿ ವಿವರಿಸುವುದಿಲ್ಲ. ಅವರ ಓದುಗರು ಆ ಕತ್ತಲಲ್ಲೇ ಬದುಕುತ್ತಿದ್ದರು. ಹಾಗಾಗಿ ಯುದ್ಧಕಾಲದ ಕಥೆಯಲ್ಲಿ ಗೊತ್ತಿಲ್ಲದ ಪದ ಸಿಕ್ಕಾಗಲೆಲ್ಲ ನಿಘಂಟಿಗೆ ಓಡಬೇಡಿ. ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದೆ ಹೋಗಿ. ಎರಡನೇ ಓದಿನಲ್ಲಿ, ಆ ವಸ್ತು ಏನು ಎಂಬುದರ ಜೊತೆಗೆ ಅದು ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಎಂದೂ ಕೇಳಿ. ಉದಾಹರಣೆಗೆ, ಆಂಡರ್ಸನ್ ಶೆಲ್ಟರ್ ಅಂದರೆ ಬಾಂಬ್ ದಾಳಿಯಿಂದ ಪಾರಾಗಲು ಹಿತ್ತಲಲ್ಲಿ ಗುಂಡಿ ತೋಡಿ, ಅಲೆಅಲೆಯಾದ ಉಕ್ಕಿನ ತಗಡು ನಿಲ್ಲಿಸಿ, ಮೇಲೆ ಮಣ್ಣು ಹೊದಿಸಿದ ಗೂಡು. ಹಿತ್ತಲೇ ಇಲ್ಲದವರು ಸುರಂಗ ರೈಲಿನ ನಿಲ್ದಾಣದಲ್ಲೋ ಸಾರ್ವಜನಿಕ ಆಶ್ರಯದಲ್ಲೋ ಮಲಗಬೇಕು. ಪಾತ್ರ ರಾತ್ರಿ ಕಳೆಯುವ ಜಾಗ ಅದರ ಅಂತಸ್ತನ್ನೂ ಹೇಳಿಬಿಡುತ್ತದೆ.

ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನ್ನಿಸುವ ಪದ ಹೆಚ್ಚು ದಾರಿ ತಪ್ಪಿಸುತ್ತದೆ. ರೇಷನ್ ಎಂದೊಡನೆ ನಮಗೆ ನ್ಯಾಯಬೆಲೆ ಅಂಗಡಿಯ ಸಾಲು, ಬಡವರ ಕಾರ್ಡು ನೆನಪಾಗುತ್ತದೆ. ಅಲ್ಲಿ ರಾಜಮನೆತನದವರಿಗೂ ರೇಷನ್ ಪುಸ್ತಕವಿತ್ತು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಬೇಕನ್. ಜುಲೈನಲ್ಲಿ ಚಹಾಪುಡಿ, ತಲೆಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಕಥೆಯೊಳಗೆ ಒಬ್ಬಾಕೆ ಅತಿಥಿಗೆ ಎರಡನೇ ಕಪ್ ಚಹಾ ಬಗ್ಗಿಸಿದರೆ ಅದನ್ನು ಬರೀ ಉಪಚಾರ ಎಂದು ದಾಟಿಹೋಗಬೇಡಿ. ಆಕೆ ತನ್ನ ನಾಳೆಯ ಪಾಲು ಕೊಡುತ್ತಿದ್ದಾಳೆ.

ಇಸವಿ, ತಿಂಗಳ ಮೇಲೂ ಕಣ್ಣಿರಲಿ. ಯುದ್ಧದ ಒಂದೊಂದು ಘಟ್ಟಕ್ಕೂ ಅದರದೇ ಭಯ, ಅದರದೇ ಸದ್ದು. 1940ರ ಜೂನ್‌ನಲ್ಲಿ ಚರ್ಚಿನ ಗಂಟೆಗಳನ್ನು ನಿಲ್ಲಿಸಲಾಯಿತು. ಶತ್ರು ನೆಲಕ್ಕಿಳಿದರೆ ಮಾತ್ರ ಬಾರಿಸಬೇಕೆಂಬ ಆಜ್ಞೆ. ಆ ವರ್ಷದ ಮುಂದಿನ ತಿಂಗಳುಗಳ ಕಥೆಯಲ್ಲಿ ಗಂಟೆ ಕೇಳಿಸಿದರೆ ಅದು ಪ್ರಾರ್ಥನೆಯ ಕರೆಯಲ್ಲ. 1944ರ ಜೂನ್ ಬೇರೆ. ಮಿತ್ರಪಡೆಗಳು ಫ್ರಾನ್ಸಿನಲ್ಲಿ ಇಳಿದು ಯುದ್ಧ ಮುಗಿಯುವ ಆಸೆ ಚಿಗುರಿದ ಒಂದೇ ವಾರದಲ್ಲಿ, 13ನೇ ತಾರೀಕು, ಪೈಲಟ್ ಇಲ್ಲದ ವಿ-1 ಬಾಂಬುಗಳು ಬಂದವು. ಅವುಗಳ ಎಂಜಿನ್ ಗುಡುಗುತ್ತಿರುವಷ್ಟು ಹೊತ್ತು ಕೆಳಗಿದ್ದವರಿಗೆ ಉಸಿರು. ಸದ್ದು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಬಾಂಬು ನೆಲಕ್ಕೆ. ಗ್ರಹಾಂ ಗ್ರೀನ್ ಅವರ ‘ದಿ ಎಂಡ್ ಆಫ್ ದಿ ಅಫೇರ್’ (1951) ಕಾದಂಬರಿಯ ತಿರುವು ಇರುವುದು ಇಂಥದೊಂದು ಸ್ಫೋಟದಲ್ಲೇ: ಪ್ರಿಯಕರ ಸತ್ತನೆಂದು ತಿಳಿದ ಸಾರಾ, ದೇವರನ್ನು ನಂಬದವಳು, ಮೊಣಕಾಲೂರುತ್ತಾಳೆ. ಬಿಡುಗಡೆ ಬಂತೆಂದು ಜನ ಉಸಿರುಬಿಟ್ಟ ವಾರಗಳಲ್ಲೇ ಇದು ನಡೆಯಿತೆಂದು ನೆನಪಿಟ್ಟು ಓದಿದರೆ ಆ ಪ್ರಾರ್ಥನೆಯ ಭಾರ ತಿಳಿಯುತ್ತದೆ.

ಬೊವೆನ್‌ರ ಕಥೆ ಚಿಕ್ಕದು, ಒಂದೇ ಸಲ ಕೂತು ಮುಗಿಸಬಹುದು. ಮೊದಲು ಅದನ್ನು ಎರಡು ಸಲ ಓದಿ, ಆಮೇಲೆ ಗ್ರೀನ್.