ಒಂದು ತಿರುಪಿನ ಬೆಲೆ

ಪುಸ್ತಕದ ಹೆಸರು ಓದುಗನನ್ನು ಮೋಸಗೊಳಿಸುವುದು ಹೊಸದೇನಲ್ಲ. ಒಂದೇ ಹೆಸರಿನಿಂದ ಎರಡು ಸಲ ಮೋಸಗೊಳಿಸುವ ಪುಸ್ತಕ ಮಾತ್ರ ಅಪರೂಪ. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಅಂಥದು. ಝೆನ್ ಮತವನ್ನು ತಿಳಿಯಲೆಂದು ಕೊಂಡವರಿಗೆ ಅದರಲ್ಲಿ ಝೆನ್ ಹೆಚ್ಚಾಗಿ ದೊರೆಯದು. ಮೋಟಾರ್ ಸೈಕಲ್ಲಿನ ದುರಸ್ತಿ ಕಲಿಯಲೆಂದು ಕೊಂಡವರಿಗೆ ದುರಸ್ತಿಯೂ ಅಷ್ಟಕ್ಕಷ್ಟೆ. ಗ್ರಂಥಕರ್ತನೇ ಇದನ್ನು ಆರಂಭದಲ್ಲಿ ಹೇಳಿ ಕೈತೊಳೆದುಕೊಂಡಿದ್ದಾನೆ. 121 ಪ್ರಕಾಶಕರು ಬೇಡವೆಂದ ಮೇಲೆ ಬೆಳಕು ಕಂಡ ಈ ಪುಸ್ತಕ ಐವತ್ತು ವರ್ಷ ಕಳೆದರೂ ಓದುಗರನ್ನು ಕಳೆದುಕೊಂಡಿಲ್ಲ. ಅದನ್ನು ತತ್ತ್ವಗ್ರಂಥವೆಂದು ಕೊಂಡಾಡಿದವರು ಬಹಳ ಮಂದಿ. ನಾನು ಅದನ್ನು ದುರಸ್ತಿಯ ಗ್ರಂಥವೆಂದೇ ಎಣಿಸಿ ಒರೆಗೆ ಹಚ್ಚಬೇಕೆಂದಿದ್ದೇನೆ. ಒರೆಗಲ್ಲು ಯಾದಗಿರಿ ಜಿಲ್ಲೆಯ ಬಳಿಚಕ್ರದಲ್ಲಿ ನಮ್ಮ ಮನೆಯ ಪಡಸಾಲೆಗೆ ಒತ್ತಿ ನಿಂತಿರುವ ಯೆಜ್ಡಿ ಗಾಡಿ. ಅದೂ 1974ರದೇ. ಪುಸ್ತಕಕ್ಕೂ ಯಂತ್ರಕ್ಕೂ ಒಂದೇ ಪ್ರಾಯ.

ಪುಸ್ತಕದ ಕಥೆ ಸರಳವಾದದ್ದು. 1968ರಲ್ಲಿ ಪಿರ್ಸಿಗ್ ತನ್ನ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನಿಯಾಪೊಲಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೊಂಡಾ ಗಾಡಿಯಲ್ಲಿ ಹೋದ ಪ್ರವಾಸವೇ ಅದರ ಹಂದರ. ಸ್ವಲ್ಪ ದೂರ ಜೊತೆಗೆ ಬರುವ ಸ್ನೇಹಿತ ದಂಪತಿಗಳದು ಬಿಎಂಡಬ್ಲ್ಯೂ. ಆ ಸ್ನೇಹಿತನಿಗೆ ಗಾಡಿ ಓಡಿಸುವುದು ಇಷ್ಟ, ಬಿಚ್ಚುವುದು ಅಸಹ್ಯ. ಒಮ್ಮೆ ಅವನ ಹ್ಯಾಂಡಲ್ ಸಡಿಲವಾದಾಗ, ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಇಟ್ಟರೆ ಬಿಗಿಯಾಗುತ್ತದೆಂದು ಪಿರ್ಸಿಗ್ ಹೇಳುತ್ತಾನೆ. ಸ್ನೇಹಿತನಿಗೆ ಅವಮಾನವಾದಂತಾಗುತ್ತದೆ: ಇಷ್ಟು ಬೆಲೆಬಾಳುವ ಜರ್ಮನ್ ಗಾಡಿಗೆ ಬಿಯರ್ ಡಬ್ಬಿಯೆ! ಒಬ್ಬನ ಕಣ್ಣಿಗೆ ಅದು ತುಕ್ಕು ಹಿಡಿಯದ, ಮೆತ್ತನೆಯ, ಕೆಲಸಕ್ಕೆ ಹೇಳಿಮಾಡಿಸಿದ ಲೋಹ. ಇನ್ನೊಬ್ಬನ ಕಣ್ಣಿಗೆ ಬರಿಯ ಡಬ್ಬಿ. ಯಂತ್ರದ ಮುಂದೆ ಮನುಷ್ಯರು ಎರಡು ಪಂಗಡವಾಗುವ ಬಗೆಯನ್ನು ಇದಕ್ಕಿಂತ ಚುಟುಕಾಗಿ ತೋರಿಸಿದ ಪ್ರಸಂಗವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಇಂಥ ಇನ್ನೆರಡು ಪ್ರಸಂಗಗಳುಂಟು. ಎಂಜಿನ್ ಮತ್ತೆ ಮತ್ತೆ ಹಿಡಿದುಕೊಳ್ಳುತ್ತಿದ್ದ ಗಾಡಿಯನ್ನು ಆತ ಒಂದು ಕಾರ್ಖಾನೆಗೆ ಒಯ್ಯುತ್ತಾನೆ. ಅಲ್ಲಿಯ ಹುಡುಗರು ರೇಡಿಯೊ ಹಾಕಿಕೊಂಡು, ನಗುನಗುತ್ತ, ಸುತ್ತಿಗೆ ಉಳಿಗಳಿಂದ ಗಾಡಿಯನ್ನು ಗಾಯಗೊಳಿಸಿ ಕಳುಹಿಸುತ್ತಾರೆ. ನಿಜವಾದ ಕಾರಣ ಎಣ್ಣೆ ಸಾಗುವ ದಾರಿಯಲ್ಲಿ ಮುರಿದಿದ್ದ, ಇಪ್ಪತ್ತೈದು ಸೆಂಟಿನ ಒಂದು ಪಿನ್ನು. ಎರಡನೆಯದು ತಲೆ ಸವೆದು ಕದಲದೆ ನಿಂತ ಒಂದು ತಿರುಪಿನ ಪ್ರಸಂಗ. ಆ ತಿರುಪು ಬಿಚ್ಚದೆ ಮುಚ್ಚಳ ಬಾರದು. ಮುಚ್ಚಳ ಬಾರದೆ ಗಾಡಿ ಓಡದು. ಆದ್ದರಿಂದ ಆ ಗಳಿಗೆಯಲ್ಲಿ ತಿರುಪಿನ ಬೆಲೆ ಇಡೀ ಗಾಡಿಯ ಬೆಲೆಗೆ ಸಮ. ಹಾಗೆ ಸಿಕ್ಕಿಹಾಕಿಕೊಂಡಾಗಲೇ ಮನಸ್ಸು ಕಲಿಯಲು ತೆರೆದಿರುತ್ತದೆಂದು ಆತ ಹೇಳುತ್ತಾನೆ. ಕೆಲಸಗಾರನೊಳಗಿನ ಹುರುಪು ಸೋರಿಹೋಗುವ ತೂತುಗಳನ್ನೆಲ್ಲ ಪಟ್ಟಿಮಾಡುತ್ತಾನೆ: ಅವಸರ, ಅಹಂಕಾರ, ಬೇಸರ, ಭೀತಿ. ಆತ ‘ಗಂಪ್ಷನ್’ ಎಂದು ಕರೆಯುವ ಆ ಹುರುಪಿಗೆ ನಮ್ಮ ಕಡೆಯ ‘ಉಮೇದು’ ಸರಿಯಾಗಿ ಒಪ್ಪುತ್ತದೆ. ಪುಸ್ತಕದ ಅತ್ಯುತ್ತಮ ಪುಟಗಳು ಇವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಪುಟಗಳಿಂದ ಮೇಲೆದ್ದು ‘ಗುಣ’ ಎಂಬ ಪರತತ್ತ್ವದ ಕಡೆಗೆ, ಪ್ಲೇಟೊ ಅರಿಸ್ಟಾಟಲರ ಮೇಲಣ ಯುದ್ಧದ ಕಡೆಗೆ ಲೇಖಕ ಹಾರಿದಾಗ ಬರಹ ತೆಳುವಾಗುತ್ತದೆ. ನಮ್ಮ ದೇಶದ ಸಂಬಂಧವೂ ಇಲ್ಲಿ ಬರುತ್ತದೆ. ಪಿರ್ಸಿಗ್ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ್ದವನು. ಜಗತ್ತು ಮಾಯೆ ಎಂದು ಪಾಠ ಹೇಳುತ್ತಿದ್ದ ಅಧ್ಯಾಪಕರನ್ನು, ಹಿರೋಶಿಮಾದ ಬಾಂಬೂ ಮಾಯೆಯೆ ಎಂದು ಕೇಳಿ, ಹೌದೆಂಬ ಉತ್ತರ ಪಡೆದು, ಅಲ್ಲಿಂದ ಎದ್ದುಹೋದನಂತೆ. ಕಾಶಿಗೆ ಹೋದವನು ಕಲ್ಯಾಣದ ಕಡೆಗೆ ತಿರುಗಿದ್ದರೆ ಅವನಿಗೆ ಬೇಕಾದದ್ದು ಸಿಕ್ಕುತ್ತಿತ್ತೇನೋ! ಕೈಯ ಕೆಲಸವೂ ಒಳಗಿನ ಸಾಧನೆಯೂ ಬೇರೆಯಲ್ಲವೆಂಬ ಮಾತಿಗೆ ಆತ ನಾನೂರು ಪುಟ ಹುಡುಕಾಡಿದ್ದಾನೆ. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಕಾಯಕವೆಂಬ ಒಂದೇ ಶಬ್ದವನ್ನು ಕೊಟ್ಟಿದ್ದರು. ಆ ಶಬ್ದ ನಮ್ಮಲ್ಲಿ ಹುಟ್ಟಿತೆಂದು ಹಿಗ್ಗುವುದಕ್ಕೆ ಕಾರಣವೇನೂ ಇಲ್ಲ. ಆಯುಧಪೂಜೆಯ ದಿನ ಗಾಡಿಗೆ ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಉಳಿದ ದಿನಗಳಲ್ಲಿ ಸರಪಳಿಗೆ ಒಂದು ಹನಿ ಎಣ್ಣೆ ಬಿಡದ ಭಕ್ತರು ನಾವು.

ಈಗ ನಮ್ಮ ಗಾಡಿಯ ಮಾತು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ಹಕ್ಕುಗಳನ್ನು ಕೊಂಡು, 1929ರಲ್ಲಿ ಎರಡು ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ‘ಜಾವಾ’ ಎಂದು ಕರೆದ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿ, 1961ರಲ್ಲಿ ಗಾಡಿಗಳನ್ನು ಹೊರತಂದಿತು. 1973ರಿಂದ ಅವು ‘ಯೆಜ್ಡಿ’ ಎಂದಾದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಹೆಸರುಗಳನ್ನು ಹೊತ್ತ ಹೊಸ ಗಾಡಿಗಳು 2018ರಿಂದ ಮತ್ತೆ ಬೀದಿಗೆ ಬಂದಿವೆ; ಆದರೆ ಅವುಗಳ ಎಂಜಿನ್ನೇ ಬೇರೆ, ಅವುಗಳ ಬಿಡಿಭಾಗ ಹಳೆಯದಕ್ಕೆ ಕೂಡದು. ಹೀಗಾಗಿ ಹಳೆಯ ಯೆಜ್ಡಿ ತಾಯಿ ಸತ್ತ ಕೂಸು, ಸಾಕಿದವರದೇ ಮಗು.

ಪಿರ್ಸಿಗ್‌ನ ಹೊಂಡಾ ಪ್ರವಾಸಕ್ಕೆ ಹೊರಟಾಗ ಹೆಚ್ಚು ಹಳೆಯದಾಗಿರಲಿಲ್ಲ. ಹಳೆಯ ಯಂತ್ರವನ್ನು ಸಾಕುವವನ ಸಮಸ್ಯೆ ಅವನಿಗೆ ಎದುರಾಗಲೇ ಇಲ್ಲ. ಆದರೂ ಅವನ ವಿಧಾನ ನಮ್ಮ ಪಡಸಾಲೆಯಲ್ಲಿ ಸೋಲದೆ ನಿಂತಿತೆಂದು ಹೇಳಬೇಕು. ಯೆಜ್ಡಿಯದು 250 ಸಿ.ಸಿ.ಯ, ಒಂದೇ ಸಿಲಿಂಡರಿನ, ಎರಡು ಹೊಡೆತದ ಎಂಜಿನ್. ಹೊಗೆಗೊಳವೆಗಳು ಮಾತ್ರ ಎರಡು. ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆ. ಪೆಟ್ರೋಲಿನಲ್ಲಿಯೇ ಇಪ್ಪತ್ತೈದಕ್ಕೆ ಒಂದರಂತೆ, ಅಂದರೆ ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಬೇಕು. ಇಂಥ ಗಾಡಿ ಬಿಳಿಯ ಹೊಗೆಯನ್ನು ಕಕ್ಕತೊಡಗಿದರೆ ಸಾಮಾನ್ಯವಾಗಿ ಎಲ್ಲರೂ ಎಣ್ಣೆ ಹೆಚ್ಚಾಯಿತೆಂದು ಅದನ್ನು ಕಡಿಮೆ ಮಾಡುತ್ತಾರೆ. ಅದು ಪಿಸ್ಟನ್ನಿನ ಮರಣಶಾಸನ. ಪಿರ್ಸಿಗ್ ಹೇಳುವಂತೆ ಊಹೆಗಳನ್ನು ಕಾಗದದ ಮೇಲೆ ಬರೆದು ಒಂದೊಂದನ್ನೇ ಪರೀಕ್ಷಿಸಿದರೆ ಬೇರೆ ಸಂಗತಿ ಹೊರಬರುತ್ತದೆ. ಗೇರ್ ಎಣ್ಣೆಯ ಮಟ್ಟ ತಾನಾಗಿ ಇಳಿದಿದೆಯೆ? ಹಾಗಿದ್ದರೆ ಕ್ಲಚ್ ಕಡೆಯ ರಬ್ಬರ್ ಸೀಲು ಸೋತು, ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತಿದೆ. ಡೈನಮೊ ಕಡೆಯ ಸೀಲು ಸೋತರೆ ಲಕ್ಷಣ ಬೇರೆ: ಅಲ್ಲಿ ಹೀರುವುದು ಬರಿಯ ಗಾಳಿಯನ್ನು. ಎಂಜಿನ್ ತಾನಾಗಿ ಭೋರ್ಗರೆಯುತ್ತದೆ, ಕಾಯುತ್ತದೆ, ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಎರೆ ಸೀಮೆಯಲ್ಲಿ ಬೇಗನೆ ಹಿಡಿದುಕೊಳ್ಳುತ್ತದೆ. ಕೆಲವು ರೂಪಾಯಿಯ ಸೀಲು; ಮತ್ತದೇ ತಿರುಪಿನ ಕಥೆ.

ಇಲ್ಲಿಯವರೆಗೆ ಪುಸ್ತಕಕ್ಕೆ ನನ್ನ ಅಂಕ ಪೂರ್ತಿ. ಆಕ್ಷೇಪ ಬೇರೆಯದು. ಪಿರ್ಸಿಗ್‌ನ ದುರಸ್ತಿ ಒಬ್ಬಂಟಿಯ ದುರಸ್ತಿ. ಅವನ ಪುಸ್ತಕದ ಮೆಕ್ಯಾನಿಕರು ಹೆಚ್ಚಾಗಿ ಕೆಲಸದ ಪ್ರೇಕ್ಷಕರು, ಕೆಲಸಗಾರರಲ್ಲ. ನಮ್ಮಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಈ ಗಾಡಿಗಳನ್ನು ಉಳಿಸಿದವರು ಊರೂರ ಮಿಸ್ತ್ರಿಗಳು. ಯಾದಗಿರಿಯಲ್ಲಿ ನನಗೆ ಸಹಾಯ ಮಾಡುವ ವೃದ್ಧ ಮಿಸ್ತ್ರಿಯೊಬ್ಬರು ಬೇರಿಂಗನ್ನು ಬೆರಳಲ್ಲಿ ತಿರುಗಿಸಿ, “ಕಣ್ಣಿಗಿಂತ ಬೆರಳಿಗಿ ಜಲ್ದಿ ತಿಳೀತದರಿ ಸರ, ಕೈಯಾಗ ಹಿಡದು ನೋಡ್ರಿ” ಎನ್ನುತ್ತಾರೆ. ಎಷ್ಟು ಬಿಗಿ ಮಾಡಬೇಕೆಂದು ಕೇಳಿದರೆ, “ಪಾನಾ ತಾನೇ ಹೇಳತದ, ನೀವು ಸುಮ್ಮ ಕೇಳ್ರಿ” ಎಂದು ಉತ್ತರ. ಬಿಗಿತದ ಬಗ್ಗೆ ಪಿರ್ಸಿಗ್ ಒಂದು ಪ್ರಕರಣವನ್ನೇ ಬರೆದಿದ್ದಾನೆ. ಮಿಸ್ತ್ರಿಯ ಮಾತು ಅದರ ಸೂತ್ರರೂಪ. ಮನೆಯಲ್ಲಿ ಗಾಡಿ ಸಾಕುವುದೆಂದರೆ ಮಿಸ್ತ್ರಿಯನ್ನು ಬಿಡುವುದಲ್ಲ, ಅವರೊಡನೆ ಮಾತಾಡುವ ಯೋಗ್ಯತೆಯನ್ನು ಪಡೆಯುವುದು. ಈ ಮಾತುಕತೆ ಆ ಪುಸ್ತಕದಲ್ಲಿಲ್ಲ. ಹಿಂದೆ ಕುಳಿತ ಮಗನಿಗೆ ದಾರಿಯುದ್ದಕ್ಕೂ ಕಾಣುವುದು ತಂದೆಯ ಬೆನ್ನು. ಕೊನೆಯ ಪುಟಗಳಲ್ಲಿ ಆತ, ಗಾಡಿಯ ಕೆಲಸವನ್ನು ತನಗೂ ತೋರಿಸಿಕೊಡುವೆಯಾ ಎಂದು ಕೇಳುತ್ತಾನೆ, ತಂದೆ ಆಗಲೆನ್ನುತ್ತಾನೆ, ಪುಸ್ತಕ ಮುಗಿಯುತ್ತದೆ. 1979ರಲ್ಲಿ ಆ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಲೆಯಾದನೆಂಬುದನ್ನು ಬಲ್ಲವರಿಗೆ ಆ ‘ಆಗಲಿ’ ಎಂಬ ಮಾತು ಎದೆಯಲ್ಲಿ ಚುಚ್ಚುತ್ತದೆ. ಕಲಿಸುವುದನ್ನು ಕೊನೆಗೆ ಇಟ್ಟುಕೊಂಡದ್ದೇ ಈ ಮಹಾಕೃತಿಯ ದೊಡ್ಡ ಕೊರತೆ ಎಂದು ನನಗೆ ತೋರುತ್ತದೆ.

ಇನ್ನು ಅವನು ಮುಟ್ಟದೆಯೇ ಬಿಟ್ಟ ಪ್ರಶ್ನೆ: ಹಳೆಯ ಯಂತ್ರವನ್ನು ಸುಧಾರಿಸಬಹುದೆ? ಈ ವಿಷಯದಲ್ಲಿ ನಮಗೆ ಪಿರ್ಸಿಗ್‌ಗಿಂತ ನಮ್ಮ ಗ್ರಂಥಸಂಪಾದಕರೇ ಒಳ್ಳೆಯ ಗುರುಗಳು. ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಓಲೆಗರಿಯ ಪ್ರತಿಯನ್ನು ಹಿಡಿದಾಗ ಅನುಸರಿಸಿದ ಶಿಸ್ತು ಇಲ್ಲಿಗೂ ಸಲ್ಲುತ್ತದೆ. ಐವತ್ತು ವರ್ಷದ ಗಾಡಿಯೂ ಹಲವು ಕೈಗಳು ನಕಲುಮಾಡಿದ ಪ್ರತಿಯೇ. ಯಾರೋ ಸೇರಿಸಿದ ಹಾರ್ನು, ಯಾರೋ ಕತ್ತರಿಸಿದ ಮಡ್‌ಗಾರ್ಡು, ಬೇರೆ ಗಾಡಿಯ ಕಾರ್ಬೊರೇಟರು, ಇವೆಲ್ಲ ಪ್ರಕ್ಷಿಪ್ತಗಳು. ಸೈಲೆನ್ಸರಿನೊಳಗಣ ತಗಡುಗಳನ್ನು ಸದ್ದಿಗಾಗಿ ಕಿತ್ತೆಸೆಯುವವನು ಛಂದಸ್ಸು ತಿಳಿಯದೆ ಪದ್ಯವನ್ನು ತಿದ್ದುವ ಲಿಪಿಕಾರನಂತೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ಹಿಂದೊತ್ತಿಗೂ ಒಂದು ಕೆಲಸವುಂಟು, ಅದು ಹೊಸ ಮಿಶ್ರಣವನ್ನು ಸಿಲಿಂಡರಿನಲ್ಲಿ ತಡೆದು ನಿಲ್ಲಿಸುತ್ತದೆ.

ಹಾಗೆಂದು ತಿದ್ದುಪಡಿಯೇ ಕೂಡದೆ? ಈ ಗಾಡಿಯ ವಿದ್ಯುತ್ತು ಆರು ವೋಲ್ಟಿನದು, ದೀಪ ಮಿಣಮಿಣ. ಹಿಂದೀಪವಿಲ್ಲದ ಟ್ರ್ಯಾಕ್ಟರು ಬಂಡಿಗಳು ರಾತ್ರಿ ಸಾಲುಗಟ್ಟುವ ನಮ್ಮ ರಸ್ತೆಗಳಲ್ಲಿ ಮೂಲಪಾಠದ ಭಕ್ತಿ ಪ್ರಾಣಕ್ಕೆ ಎರವಾದೀತು. ಹನ್ನೆರಡು ವೋಲ್ಟಿಗೆ ಬದಲಾಯಿಸುವುದು ಸರಿ, ಎರಡು ನಿಯಮಗಳಿಗೆ ಒಳಪಟ್ಟು: ಗಾಡಿಯ ಮೈಯಲ್ಲಿ ಒಂದು ಹೊಸ ತೂತೂ ಬೀಳಕೂಡದು; ತೆಗೆದ ಡೈನಮೊವನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ, ತಾರೀಖು ಬರೆದು ಇಡಬೇಕು. ಒಳ್ಳೆಯ ಸಂಪಾದಕನು ತಿದ್ದಿದ ಕಡೆಯಲ್ಲೆಲ್ಲ ಮೂಲವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನಲ್ಲವೆ?

ಕೆಲವು ಸಲ ಬದಲಾಯಿಸದೆ ಉಳಿಸಲೂ ಆಗುವುದಿಲ್ಲ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಸೇರಿತು. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ಮಿಶ್ರಣವನ್ನು ತೆಳುಮಾಡಿ ಎಂಜಿನ್ನನ್ನು ಕಾಯಿಸುತ್ತದೆ. ಆದ್ದರಿಂದ ಹೊಸ ಬಗೆಯ ರಬ್ಬರ್ ಸೀಲು, ಒಂದಂಶ ದೊಡ್ಡದಾದ ಜೆಟ್ಟು ಅನಿವಾರ್ಯ. ಇದರ ಜೊತೆಗೆ ಸರ್ಕಾರದ ವ್ಯಾಖ್ಯಾನವೂ ಇದೆ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದು, ಗಣನೀಯ ಬದಲಾವಣೆಗೆ ಒಳಗಾಗದ ಗಾಡಿ ‘ವಿಂಟೇಜ್’. ಆ ಪಟ್ಟ ಪಡೆದರೆ ಪ್ರದರ್ಶನ, ರ‍್ಯಾಲಿ ಮುಂತಾದವುಗಳ ಹೊರತು ದಿನಬಳಕೆಗೆ ರಸ್ತೆಗಿಳಿಯುವಂತಿಲ್ಲ. ಗೌರವದ ಬೆಲೆ ಓಟ! ನಾನು ಆ ಪಟ್ಟವನ್ನು ಬಯಸುವುದಿಲ್ಲ. ಓದುಗರಿಲ್ಲದ ಕಾವ್ಯವೂ ಓಡದ ಗಾಡಿಯೂ ಒಂದೇ.

ಪಿರ್ಸಿಗ್ ದಕ್ಷಿಣ ಭಾರತದ ಕೋತಿಬಲೆಯೊಂದರ ಕಥೆ ಹೇಳುತ್ತಾನೆ. ತೂತು ಕೊರೆದ ತೆಂಗಿನಕಾಯಿಯೊಳಗೆ ಅಕ್ಕಿ. ಕೋತಿ ಮುಷ್ಟಿ ಕಟ್ಟಿದರೆ ಕೈ ಹೊರಬರದು, ಅಕ್ಕಿ ಬಿಡಲು ಮನಸ್ಸೂ ಬಾರದು. ಮೂಲರೂಪವೊಂದನ್ನೇ ಬಿಗಿಹಿಡಿಯುವವನೂ ಸುಧಾರಣೆಯೊಂದನ್ನೇ ಬಿಗಿಹಿಡಿಯುವವನೂ ಅದೇ ಕೋತಿಗಳು. ಇದನ್ನು ಕಲಿಸಿದ್ದಕ್ಕಾಗಿ ಆ ಪುಸ್ತಕಕ್ಕೆ ನಾನು ಋಣಿ. ಅದರ ತತ್ತ್ವ ಹಳತಾದೀತು, ತಿರುಪು ಹಳತಾಗದು.

ಆದರೆ ಒಂದು ಮಾತು ಉಳಿಯುತ್ತದೆ. ಪಿರ್ಸಿಗ್ 2017ರಲ್ಲಿ ತೀರಿಕೊಂಡ. ಅವನ ಹೊಂಡಾ ಇಂದು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ನಿಂತಿದೆ. ಪುಸ್ತಕ ಮಾತ್ರ ಓಡುತ್ತಲೇ ಇದೆ. ನಮ್ಮಲ್ಲಿ ಅದು ತಿರುವುಮುರುವು: ಮೈಸೂರಿನ ಗಾಡಿ ಓಡುತ್ತಿದೆ, ಪುಸ್ತಕ ಹುಟ್ಟಿಲ್ಲ. ಪಾನಾ ಹಿಡಿದ ಬೆರಳುಗಳಿಗೆ ಗೊತ್ತಿರುವುದು ಆ ಬೆರಳುಗಳೊಂದಿಗೇ ಮಣ್ಣು ಸೇರುತ್ತಿದೆ. ಒಬ್ಬ ಮಿಸ್ತ್ರಿಯ ಪಕ್ಕದಲ್ಲಿ ಒಂದು ಮಳೆಗಾಲ ಕುಳಿತು, ಅವರ ಮಾತಿನಲ್ಲಿಯೇ, ಅವರು ಬಳಸುವ ಶಬ್ದಗಳಲ್ಲಿಯೇ ಅದನ್ನು ಬರೆದಿಡುವ ಕನ್ನಡ ಲೇಖಕ ಬರಬೇಕು. ಅದಕ್ಕೆ ಝೆನ್ ಬೇಕಿಲ್ಲ, ಉಮೇದು ಸಾಕು.