ಕಲ್ಲಿನ ಮದ್ದಳೆ, ಕ್ಯಾಮೆರಾದ ತಮಟೆ: ಹಾಸನ ಸೀಮೆಯ ಜನಪದ ವಾದ್ಯಗಳು ಮತ್ತು ದೃಶ್ಯಕಲೆ

ಬೇಲೂರು, ಹಳೇಬೀಡುಗಳನ್ನು ಕುರಿತ ಚಿತ್ರಸಂಪುಟಗಳಲ್ಲಿ ವಾದ್ಯಗಳಿಗೆ ಕೊರತೆಯಿಲ್ಲ. ಮದ್ದಳೆ, ತಾಳ, ಕೊಳಲು, ಡಕ್ಕೆಗಳನ್ನು ಹಿಡಿದ ಶಿಲ್ಪಗಳು ಅವುಗಳ ತುಂಬ ಕಾಣಸಿಗುತ್ತವೆ. ಆದರೆ ಈ ದೇಗುಲಗಳ ಆಸುಪಾಸಿನಿಂದ ಅರಸೀಕೆರೆಯ ಬಯಲಿನವರೆಗೆ ಜಾತ್ರೆ, ಹಬ್ಬಗಳಲ್ಲಿ ನುಡಿಯುವ ಸಂಬಾಳ, ದಿಮ್ಮು, ತಮಟೆಗಳು ಚಿತ್ರದೊಳಗೆ ಬಂದರೂ ಬಹುಮಟ್ಟಿಗೆ ಹಿನ್ನೆಲೆಯಾಗಿಯೇ ಬರುತ್ತವೆ. ಈ ಭಾಗದ ಜನಪದ ವಾದ್ಯಪರಂಪರೆಗೂ ಛಾಯಾಗ್ರಹಣಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವವರಿಗೆ ಮೊದಲು ಎದುರಾಗುವುದು ಈ ಅಂತರವೇ.

ಇದಕ್ಕೆ ಚಾರಿತ್ರಿಕ ಹಿನ್ನೆಲೆಯೂ ಉಂಟು. ಕ್ಯಾಮೆರಾ ಈ ಸೀಮೆಯನ್ನು ಮೊದಲು ಕಂಡದ್ದು ಕಲ್ಲಿನ ಮೂಲಕ. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ 1856ರಲ್ಲಿ ಹೊಯ್ಸಳೇಶ್ವರ ದೇವಾಲಯದ ಚಿತ್ರಗಳನ್ನು ತೆಗೆದನು. 56 ಚಿತ್ರಗಳ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಂದಿನ ಕ್ಯಾಮೆರಾಕ್ಕೆ ನಿಶ್ಚಲವಾದ ಭಿತ್ತಿ ದಕ್ಕುತ್ತಿತ್ತು, ಚಲಿಸುವ ಕೈ ದಕ್ಕುತ್ತಿರಲಿಲ್ಲ. ಆ ತಾಂತ್ರಿಕ ಅಡಚಣೆ ಎಂದೋ ನೀಗಿತು. ನೋಡುವ ಕ್ರಮ ಮಾತ್ರ ಉಳಿದುಕೊಂಡಿತು. ಇಂದಿನ ಛಾಯಾಗ್ರಾಹಕರೂ ಜಾತ್ರೆಯಲ್ಲಿ ಮದನಿಕೆಯನ್ನು ಹುಡುಕುವಂತೆ ತೋರುತ್ತದೆ: ಒಂದು ಭಂಗಿ, ಒಂದು ಅಲಂಕಾರ, ಒಂದು ಓರೆನೋಟ.

ವೀರಗಾಸೆಯ ಚಿತ್ರಗಳನ್ನೇ ತೆಗೆದುಕೊಳ್ಳಬಹುದು. ಎತ್ತಿದ ಕತ್ತಿ, ಹಣೆಯ ವಿಭೂತಿ, ರುದ್ರಾಕ್ಷಿ, ಎದೆಯ ಮೇಲಿನ ವೀರಭದ್ರನ ಹಲಗೆ ಇವೆಲ್ಲ ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ಕುಣಿತದ ಹೆಜ್ಜೆಯನ್ನು ನಡೆಸುವ ಸಂಬಾಳದವನು ಮಾತ್ರ ಹಿಂದೆ ಮಸುಕಾದ ಬಣ್ಣವಾಗಿ ನಿಂತಿರುತ್ತಾನೆ. ಒಡಪು ಮುಗಿದೊಡನೆ ವಾದ್ಯ ಎತ್ತಿಕೊಳ್ಳುವ ಕ್ಷಣ ಈ ಕಲೆಯ ಜೀವಾಳ. ಅಲ್ಲಿ ಕುಣಿಯುವವನ ಕಣ್ಣು ಬಾರಿಸುವವನ ಕೈಯ ಮೇಲಿರುತ್ತದೆ. ಒಬ್ಬನನ್ನೇ ಚೌಕಟ್ಟಿನೊಳಗೆ ತಂದರೆ ಈ ಕೊಡುಕೊಳೆ ಕಾಣದಾಗುತ್ತದೆ. ಆಗ ಉಳಿಯುವುದು ವೇಷದ ಚಿತ್ರ.

ತಮಟೆಯ ವಿಷಯ ಇನ್ನೂ ಜಟಿಲವಾದುದು. ಹುಲ್ಲಿನ ಬೆಂಕಿಗೆ ತಮಟೆಯನ್ನು ಒಡ್ಡುವ ದೃಶ್ಯವನ್ನು ಹೊಗೆ ಮತ್ತು ಕೆಂಬೆಳಕಿನ ಸೊಬಗಿಗಾಗಿ ತೆಗೆಯುವವರು ಹಲವರು. ಅದು ಶ್ರುತಿ ಮಾಡುವ ಕ್ರಿಯೆ. ಚರ್ಮ ಬಿಗಿದು ದನಿ ಏರುವವರೆಗೆ ವಾದಕ ಅದನ್ನು ಬೆರಳಿನಿಂದ ಪರೀಕ್ಷಿಸುತ್ತಲೇ ಇರುತ್ತಾನೆ. ಚಿತ್ರದ ಕೆಳಗೆ ಈ ಮಾತು ಇರದಿದ್ದರೆ ಸಂಗೀತದ ಜ್ಞಾನವೊಂದು ಸುಂದರ ಹೊಗೆಯಾಗಿ ಕರಗುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈ ವಾದನ ಯಾವ ಸಂದರ್ಭದ್ದು ಎಂಬುದು. ಚರ್ಮವಾದ್ಯಗಳನ್ನು ನುಡಿಸುವವರು ಹೆಚ್ಚಾಗಿ ದಲಿತ ಸಮುದಾಯದವರು. 1970ರ ದಶಕದಿಂದ ಬೆಳೆದ ದಲಿತ ಚಳವಳಿ ಬಿಟ್ಟಿ ವಾದನವನ್ನು ಪ್ರಶ್ನಿಸಿತು. ಅದೇ ತಮಟೆಯನ್ನು ತನ್ನ ಮೆರವಣಿಗೆಗಳಲ್ಲಿ ಪ್ರತಿಭಟನೆಯ ದನಿಯನ್ನಾಗಿಯೂ ಮಾಡಿಕೊಂಡಿತು. ಕಟ್ಟುಪಾಡಿಗಾಗಿ ಬಾರಿಸುವ ಕೈ, ಸಂಭಾವನೆಗಾಗಿ ಬಾರಿಸುವ ಕೈ, ಹೋರಾಟಕ್ಕಾಗಿ ಬಾರಿಸುವ ಕೈ ಚಿತ್ರದಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ‘ಜನಪದ ವೈಭವ’ ಎಂಬ ಎರಡು ಪದದ ಶೀರ್ಷಿಕೆ ಮೂರನ್ನೂ ಒಂದಾಗಿಸಿಬಿಡುತ್ತದೆ.

ಕಲ್ಲುಕುಟಿಗರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರು ಎನ್ನಬೇಕು. ವಾದ್ಯವನ್ನು ಹೆಗಲಿಗೆ ತೂಗುಹಾಕುವ ಪಟ್ಟಿ, ಮುಚ್ಚಳಿಕೆಯನ್ನು ಬಿಗಿಯುವ ಹುರಿ, ಬೆರಳ ನಿಲುವು ಇವನ್ನು ಅವರು ಅಲಂಕಾರದಷ್ಟೇ ಶ್ರದ್ಧೆಯಿಂದ ಕಡೆದಿದ್ದಾರೆ. ಅಲ್ಲದೆ ಬೇಲೂರಿನ ಮದನಿಕೆಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಮಲ್ಲಿತಮ್ಮನ ಹೆಸರಿದೆ. ಆದರೆ ಶಿಲ್ಪಿಯ ಹೆಸರು ಉಳಿದ ಈ ಪೀಠಗಳಲ್ಲಿ ಮದ್ದಳೆಯವನ ಹೆಸರಿಲ್ಲ. ಇಂದಿನ ಡಿಜಿಟಲ್ ಚಿತ್ರದ ಮೂಲೆಯಲ್ಲಿ ಛಾಯಾಗ್ರಾಹಕನ ಹೆಸರು ತೆಳ್ಳಗೆ ಮೂಡಿರುತ್ತದೆ. ವಾದಕ ‘ಜಾನಪದ ಕಲಾವಿದ’ ಮಾತ್ರ. ಒಂಬೈನೂರು ವರ್ಷಗಳ ಈ ಪರಂಪರೆಯ ಅರ್ಧಭಾಗವನ್ನಷ್ಟೇ ಇಂದಿನವರು ಮುಂದುವರಿಸಿದ್ದಾರೆ. ಹುರಿಯನ್ನು ಕಾಣುವ ಕಣ್ಣು ಕೈಬಿಟ್ಟುಹೋಗಿದೆ.

ಬೇರೆ ಮಾದರಿಗಳು ಕರ್ನಾಟಕದಲ್ಲಿ ಇಲ್ಲದಿಲ್ಲ. ಕೆ.ಕೆ. ಹೆಬ್ಬಾರರು (1911–1996) ಲಯವನ್ನು ಅರಿಯಲೆಂದು ಸ್ವತಃ ಕಥಕ್ ಕಲಿತರು. ನೃತ್ಯ, ಸಂಗೀತಗಳನ್ನು ಕುರಿತ ಅವರ ರೇಖಾಚಿತ್ರಗಳಲ್ಲಿ ಆಭರಣ ತೀರ ಕಡಮೆ, ಚಲನೆಯೇ ಹೆಚ್ಚು. ಭೂದೃಶ್ಯ ಚಿತ್ರಕಾರ ಪಿ.ಆರ್. ತಿಪ್ಪೇಸ್ವಾಮಿಯವರದು (1922–2000) ಇನ್ನೊಂದು ದಾರಿ. ಜೀ.ಶಂ. ಪರಮಶಿವಯ್ಯನವರೊಡನೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟುವ ಕೆಲಸದಲ್ಲಿ ಅವರು ತೊಡಗಿದರು. ಬಳಕೆಯ ವಸ್ತುವನ್ನು ಅದರ ಊರು, ಉಪಯೋಗಗಳ ಸಮೇತ ನೋಡುವ ಶಿಸ್ತು ಅಲ್ಲಿ ಕಲಾವಿದನ ಕಣ್ಣಿಗೆ ಜೊತೆಯಾಯಿತು. ಇಂದು ಚಿತ್ರ ತೆಗೆಯುವವರಿಗೆ ಹೆಬ್ಬಾರರ ರೇಖೆಗಿಂತ ಈ ಎರಡನೆಯ ಶಿಸ್ತೇ ಹೆಚ್ಚು ಉಪಯುಕ್ತವೆನಿಸುತ್ತದೆ. ರೇಖೆ ಪ್ರತಿಭೆಯನ್ನು ಬೇಡುತ್ತದೆ, ಇದಕ್ಕೆ ಬೇಕಾಗುವುದು ವ್ಯವಧಾನ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿಗೆ ಇನ್ನು ರಕ್ಷಣೆಯೂ ಉಂಟು, ಚಿತ್ರಗಳೂ ಉಂಟು. ಇತ್ತ ತಿಪಟೂರು–ಅರಸೀಕೆರೆ ಸೀಮೆಯ ಮೂಡಲಪಾಯದಲ್ಲಿ ಮುಖವೀಣೆಯ ಜಾಗಕ್ಕೆ ಹಲವೆಡೆ ಹಾರ್ಮೋನಿಯಂ ಬಂದು ಕುಳಿತಿದೆ. ಮುಖವೀಣೆಯವನು ಭಾಗವತನ ಯಾವ ಪಕ್ಕದಲ್ಲಿ ನಿಲ್ಲುತ್ತಿದ್ದ, ವಾದ್ಯವನ್ನು ಹೇಗೆ ಹಿಡಿಯುತ್ತಿದ್ದ ಎಂದು ತಿಳಿಯಲು ಸಂಶೋಧಕರು ಹಳೆಯ ಪ್ರದರ್ಶನಗಳ ಚಿತ್ರಗಳತ್ತ ತಿರುಗುತ್ತಾರೆ. ಅಲ್ಲಿ ರಾಜವೇಷದ ಕಿರೀಟ, ಭುಜಕೀರ್ತಿಗಳ ಕನ್ನಡಿಚೂರುಗಳೂ ಸ್ಪಷ್ಟವಾಗಿ ಹೊಳೆಯುತ್ತವೆ. ಮುಖವೀಣೆಯವನ ಬೆರಳುಗಳು ಚೌಕಟ್ಟಿನ ಅಂಚಿನಲ್ಲಿ ತುಂಡಾಗಿವೆ.